ಓದಿ ತಿಳಿದು ಮಾಡಿದ ಸಹಿ

ನನ್ನ ಬಾಯಿ ಜೋರು ಅಂತ ನಮ್ಮೂರು ಮಟಕಿಯಲ್ಲಿ ಎಲ್ಲರಿಗೂ ಗೊತ್ತು. ಆ ಬಾಯಿಯಿಂದಲೇ ನಾನು ನಲವತ್ತೆರಡು ಹೆಂಗಸರ ಹೆಬ್ಬೆಟ್ಟು ಬಿಡಿಸಿದೆ. ನನ್ನ ಹೆಸರು ಶಿವಗಂಗಾ. ಪಿಯುಸಿ ಪಾಸು, ಹಗಲು ಹೊಲಿಗೆ ಮಷಿನ್ನಿನ ಮುಂದೆ, ಸಂಜೆ ಸಮುದಾಯ ಭವನದಲ್ಲಿ ದೊಡ್ಡವರ ಅಕ್ಷರದ ಕ್ಲಾಸು. ಕಲಿಸುವುದಕ್ಕಿಂತ ಬೈಯುವುದೇ ಹೆಚ್ಚು. ಹೊಲದಿಂದ ದಣಿದು ಬಂದು ತೂಕಡಿಸುವವರನ್ನು ಬೈಯದೆ ಕಲಿಸಲು ನನಗೆ ಬರುವುದಿಲ್ಲ.

"ಹೆಬ್ಬೆಟ್ಟು ಒತ್ತೋರು ಕಣ್ಣಿದ್ದೂ ಕುರುಡರು" ಅನ್ನುತ್ತಿದ್ದೆ. "ರೇಷನ್ ಅಂಗಡಿ ಮಷಿನ್ನಿಗಿ ಬೆರಳ ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ಹಾಳಿ ಮ್ಯಾಲ ಒತ್ತಿದ್ರಂದ್ರ ನನ್ನ ಕ್ಲಾಸಿಗಿ ಬರಬ್ಯಾಡ್ರಿ."

ಹೋದ ಮಾರ್ಚಿನೊಳಗೆ ನಮ್ಮೂರು ಹೆಬ್ಬೆಟ್ಟು ಮುಕ್ತ ಗ್ರಾಮವಾಗಬೇಕೆಂದು ಮೇಲಿನಿಂದ ಹೇಳಿಕೆ ಬಂತು. ಮಾರ್ಚಿಗೆ ಉಳಿದದ್ದು ಎರಡೂವರೆ ತಿಂಗಳು. ಅಷ್ಟರಲ್ಲಿ ಕಾಗುಣಿತ ಮುಗಿಯುವ ಮಾತೇ? ನಾನೇನು ಮಾಡಿದೆ, ಎಲ್ಲವನ್ನೂ ಪಕ್ಕಕ್ಕಿಟ್ಟು ಬರೀ ಸಹಿ ಕಲಿಸಿದೆ. ರಂಗೋಲಿ ಕಲಿತ ಹಾಗೆ ಕಲಿತರು. ತಮ್ಮ ಹೆಸರು ಬರೆಯುತ್ತಿದ್ದರು, ಅದೇ ಅಕ್ಷರ ಬೇರೆ ಕಡೆ ಬಂದರೆ ಗುರುತು ಸಿಗುತ್ತಿರಲಿಲ್ಲ. ಪರೀಕ್ಷೆಯ ದಿನ ನಾನೇ ಪಕ್ಕದಲ್ಲಿ ಕೂತು ಉತ್ತರ ತೋರಿಸಿದೆ. ಎಲ್ಲರೂ ಪಾಸಾದರು. 'ಓದು ಬರಹ ಬಲ್ಲವರು' ಎಂಬ ಸರ್ಟಿಫಿಕೇಟಿನ ಕೆಳಗೆ ನಲವತ್ತೆರಡು ಸಲ ನನ್ನ ಸಹಿ ಹಾಕಿದೆ. ಸುಳ್ಳು ಅಂತ ಆಗ ಅನಿಸಲಿಲ್ಲ. ಮುಂದೆ ಕಲಿಸಿದರಾಯಿತು ಅಂದುಕೊಂಡೆ.

ಅವತ್ತು ಊರವರ ಮುಂದೆ ಇಂಕಿನ ಪ್ಯಾಡನ್ನು ಕಲ್ಲಿನಿಂದ ಜಜ್ಜಿ ಹಾಕಿಸಿದೆ. ಜಜ್ಜಿದ್ದು ಕ್ಲಾಸಿನಲ್ಲಿ ಎಲ್ಲರಿಗಿಂತ ಹಿರಿಯಳಾದ ನಿಂಬೆವ್ವ ಆಯಿ. ಚಪ್ಪಾಳೆಯೋ ಚಪ್ಪಾಳೆ. ನಾನು ಮೂರು ದಿನ ನೆಲದ ಮೇಲೆ ನಡೆಯಲಿಲ್ಲ.

ಡಿಸೆಂಬರಿನಲ್ಲಿ ಆಳಂದದಲ್ಲಿ ನಮಗೆ ಮೂರು ದಿನದ ತರಬೇತಿ ಇಟ್ಟರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಕ್ಲಾಸು ನಡೆಸುವವರು ಬರಬೇಕು. ಈಗ ಕಲಿಯುವವರು ಇಂಗ್ಲಿಷ್ ಅಕ್ಷರವನ್ನೂ ಕೇಳುತ್ತಿದ್ದಾರೆ, ಗುಳಿಗೆ ಚೀಟಿಯ ಮೇಲಿನ ತಾರೀಖು ಬೇಕು, ಮೊಬೈಲಿನ ಹೆಸರು ಬೇಕು. ಅದನ್ನು ಹೇಗೆ ಕಲಿಸುವುದು ಎಂಬ ತರಬೇತಿ. ಎರಡನೆಯ ದಿನ ಮುಂಜಾನೆ ಬಸ್ಸು ಹತ್ತಿದಾಗ ಗುರುಬಾಯಿ ಅತ್ತಿ ಕಿಟಕಿಯ ಪಕ್ಕ ಕೂತಿದ್ದಳು. ನನ್ನ ಕ್ಲಾಸಿನವಳೇ, ಐವತ್ತರ ಹತ್ತಿರದವಳು. ಗಂಡ ತೀರಿಕೊಂಡು ಎರಡು ವರ್ಷ. ಒಬ್ಬಳೇ ಮಗಳು, ಮಾದನಹಿಪ್ಪರಗಾಕ್ಕೆ ಕೊಟ್ಟಿದೆ. ಇವಳು ಮೈದುನ ಕಲ್ಲಿನಾಥನ ಮನೆಯಲ್ಲೇ ಇರುತ್ತಾಳೆ. ಅವನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೂತಿದ್ದ. ಅತ್ತಿ ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟಿದ್ದಳು.

"ಎಲ್ಲಿಗ್ರಿ ಅತ್ತಿ, ಮದಲಗಿತ್ತಿ ಆಗಿ ಹೊಂಟೀರಿ?" ಅಂದೆ.

"ಸುಮ್ಮ ಕೂಡ ಬೇ" ಎಂದು ನಕ್ಕು ನನ್ನ ಕಿವಿಯ ಹತ್ತಿರ ಬಂದಳು. "ಇವತ್ತ ಸಹಿ ಮಾಡೂದದ. ನಿಮ್ಮ ಮಾವನ ಎರಡ ಎಕರೆ ನನ್ನ ಹೆಸರಿಗಿ ಮಾಡಸಾಕ ಕಲ್ಲಿನಾಥ ಕರಕೊಂಡ ಹೊಂಟಾನ. ನಿನ್ನಿ ಇಪ್ಪತ್ತ ಸಲ ಬರದ ನೋಡೇನಿ."

ನನಗೆ ಖುಷಿಯೋ ಖುಷಿ. ಚೀಲದಿಂದ ನನ್ನ ಒಳ್ಳೆಯ ಪೆನ್ನು ತೆಗೆದು ಅವಳ ಕೈಗೆ ಕೊಟ್ಟೆ. "ಅವರ ಪೆನ್ನ ತೊಗೋಬ್ಯಾಡ್ರಿ, ಇದರಾಗ ಬರೀರಿ. 'ರು'ಕ್ಕ ಕೊಂಬು ಮರೀಬ್ಯಾಡ್ರಿ ಮತ್ತ. ಯಾರರೆ ಪ್ಯಾಡ್ ಮುಂದ ಹಿಡದ್ರಂದ್ರ ದಬ್ಬಿಬಿಡ್ರಿ."

ಕಲ್ಲಿನಾಥ ಹಿಂದೆ ತಿರುಗಿ, "ಎಲ್ಲಾ ನಿಮ್ಮ ಪುಣ್ಯಾ ಟೀಚರ್" ಅಂದ. ಅವನ ಮಾತು ಯಾವಾಗಲೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ನಾನು ಹಿಗ್ಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಅವರು ತಹಶೀಲ್ ಕಚೇರಿಯ ಕಡೆ ಹೋದರು, ನಾನು ತರಬೇತಿಯ ಶಾಲೆಗೆ ಬಂದೆ.

ತರಬೇತಿ ಕೊಡುವವರು ಸಿದ್ದರಾಮೇಶ ಸರ್, ಕಲಬುರಗಿಯವರು. ಮೆಲ್ಲಗೆ ಮಾತಾಡುತ್ತಾರೆ, ಬೈಯುವುದೇ ಇಲ್ಲ. ಇಂಥವರಿಂದ ಯಾರು ಕಲಿಯುತ್ತಾರೆ ಅಂತ ಮೊದಲ ದಿನ ನನಗೆ ತಾತ್ಸಾರ. ಅವತ್ತು ನಾಷ್ಟಾಕ್ಕೆ ಸುಸಲಾ ತಿಂದು ಕೂತ ಕೂಡಲೇ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಪೂರ್ತಿ ಇಂಗ್ಲಿಷ್, ಸಣ್ಣ ಅಕ್ಷರ. "ಕೆಳಗ ಗೆರಿ ಅದ ನೋಡ್ರಿ, ಅಲ್ಲಿ ಸಹಿ ಮಾಡ್ರಿ. ಆಮ್ಯಾಲ ಚಹಾ ಕುಡಿಯೋಣು" ಅಂದರು.

ಮೊದಲ ಸಾಲು ಓದಲು ನೋಡಿದೆ. ನಾಲ್ಕು ಮಾತು ತಿಳಿದವು, ಐದನೆಯದರಲ್ಲಿ ಸಿಕ್ಕಿಬಿದ್ದೆ. ಕೇಳೋಣವೆಂದರೆ ನಾಚಿಕೆ. ಟೀಚರ್ ಆಗಿ, ಇಂಗ್ಲಿಷ್ ಕಲಿಸಲು ಬಂದು, ಇದೇನ್ರಿ ಸರ್ ಅಂತ ಹೇಗೆ ಕೇಳುವುದು? ಪಕ್ಕದಲ್ಲಿದ್ದ ನೆಲೋಗಿಯ ನಜಮುನ್ನಿಸಾ ಮೊಣಕೈಯಿಂದ ತಿವಿದಳು. "ಹಾಜರಿ ಹಾಳಿ ಇರಬೇಕ ಬೇ, ಮಾಡಿಬಿಡು. ಚಹಾ ಆರ್ತದ." ಮಾಡಿಬಿಟ್ಟೆ. ಇಪ್ಪತ್ತಾರು ಜನರಲ್ಲಿ ಒಬ್ಬರೂ ಕೇಳಲಿಲ್ಲ, ಎಲ್ಲರೂ ಮಾಡಿದರು.

ಸರ್ ಒಂದು ಹಾಳೆ ಎತ್ತಿ ಹಿಡಿದು ಕನ್ನಡದಲ್ಲಿ ಹೇಳಿದರು. "ಇದರಾಗ ಏನದ ಅಂದ್ರ, ನಾನು ಇರುವ ಮನೆಯನ್ನು ಇವತ್ತಿನಿಂದ ಸಿದ್ದರಾಮೇಶ ಅವರಿಗೆ ಬಿಟ್ಟುಕೊಟ್ಟಿದ್ದೇನೆ. ಇದನ್ನು ಓದಿ ತಿಳಿದು ಸಹಿ ಮಾಡಿದ್ದೇನೆ."

ಹಾಲ್ ತುಂಬ ನಗು. ನಜಮುನ್ನಿಸಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸರ್ ನಗಲಿಲ್ಲ. "ನೀವು ಕ್ಲಾಸಿನಾಗ ಎಲ್ಲಕ್ಕಿಂತ ಮೊದಲು ಏನು ಕಲಸ್ತೀರಿ?"

"ಸಹೀ!" ಎಂದು ಎಲ್ಲರೂ ಕೂಗಿದೆವು. ನನ್ನದೇ ದನಿ ಜೋರು.

"ಹೆಬ್ಬೆಟ್ಟು ಒತ್ತೋರಿಗಿ ಬಾಂಡ್ ಬರೆಯೋರು ಕಾಗದ ಓದಿ ಹೇಳತಾರ. ಓದಿ ಹೇಳೇನಿ ಅಂತ ಬರದು, ಒಬ್ಬರ ಸಾಕ್ಷಿ ಹಾಕಸ್ತಾರ. ಸಹಿ ಮಾಡೋರಿಗಿ ಯಾರು ಓದಿ ಹೇಳತಾರ್ರಿ? ಓದಾಕ ಬರ್ತದಂತ ತಿಳಕೊಂಡು ಪೆನ್ನು ಕೈಯಾಗ ಕೊಡ್ತಾರ. ಸಹಿ ಬಂದು ಓದು ಬರಲಾರದವರು ನಿಮ್ಮ ಊರಾಗ ಎಷ್ಟು ಮಂದಿ ಅದಾರ, ಲೆಕ್ಕ ಹಾಕ್ರಿ."

ನನ್ನ ಕಣ್ಣ ಮುಂದೆ ಪೆಟ್ಟಿಗೆಯ ಸೀರೆ ಬಂತು, ಕಲ್ಲಿನಾಥನ ತೊಡೆಯ ಮೇಲಿನ ಫೈಲು ಬಂತು. ಹೊಲ ಅತ್ತಿಯ ಹೆಸರಿಗೆ ಮಾಡಿಸಲು ಅವನಿಗೇನು ಅಂಥ ಅವಸರ? ಆ ಎರಡು ಎಕರೆ ಅವನ ಹೊಲಕ್ಕೆ ಹತ್ತಿಕೊಂಡೇ ಇದೆ, ಬಾವಿ ಇರುವುದೂ ಅದರಲ್ಲೇ. ಎರಡು ವರ್ಷ ಆ ಮಾತೇ ಎತ್ತದವನು ಈಗ ಯಾಕೆ ಎತ್ತಿದ? ಅತ್ತಿಗೆ ಸಹಿ ಬರುತ್ತದೆ, ಅದಕ್ಕೇ. ಅವಳಿಗೆ ಇನ್ನು ಯಾರೂ ಓದಿ ಹೇಳುವುದಿಲ್ಲ, ಅದಕ್ಕೇ.

ಹೊರಗೆ ಓಡಿಬಂದು ಅತ್ತಿಯ ಫೋನಿಗೆ ಹಚ್ಚಿದೆ. ಎತ್ತಿದ್ದು ಗಂಡಸಿನ ದನಿ, ಕಲ್ಲಿನಾಥನದು.

"ಹಾಂ ಟೀಚರ್. ವೈನಿ ಕೆಲಸದಾಗ ಅದಾರ, ಆಮ್ಯಾಲ ಮಾತಾಡ್ರಿ."

"ಒಂದ ನಿಮಿಷ ಕೊಡ್ರಿ ಅವರಿಗಿ..."

ಕಟ್ ಆಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್. ಯಪ್ಪಾ ಬಸವಾ! ಸ್ವಿಚ್ ಆಫ್ ಆದದ್ದೇ ನನಗೆ ಉತ್ತರ ಕೊಟ್ಟಂತಾಯಿತು.

ಸರ್‌ಗೆ ಹೇಳಲಿಲ್ಲ, ಒಳಗೆ ಹೋಗಿ ಆ ಹಾಳೆಯನ್ನು ಚೀಲಕ್ಕೆ ತುರುಕಿ ಹೆಗಲಿಗೆ ಹಾಕಿಕೊಂಡು ಆಟೋ ಹತ್ತಿದೆ. ಮಾರ್ಕೆಟ್ಟಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಆಟೋದವನು ಬೀಡಿ ಹಚ್ಚಿದ. ನಾನು ಅವನ ಮೇಲೆ ರೇಗಿ, ಇಳಿದು ಓಡಿದೆ. ಓಡುತ್ತ ಲೆಕ್ಕ ಹಾಕುತ್ತಿದ್ದೆ: ಅತ್ತಿಗೆ ಒಂದು ಸಹಿಗೆ ಎಷ್ಟು ಹೊತ್ತು ಬೇಕು? ಕ್ಲಾಸಿನಲ್ಲಿ ಎಲ್ಲರಿಗಿಂತ ನಿಧಾನ ಅವಳದು. ಒಂದೊಂದು ಅಕ್ಷರಕ್ಕೂ ಪೆನ್ನು ಎತ್ತಿ ನೋಡುತ್ತಾಳೆ. ಅದಕ್ಕೆ ಎಷ್ಟು ಬೈದಿದ್ದೇನೆ ನಾನು! ಇವತ್ತಾದರೂ ನಿಧಾನ ಮಾಡವ್ವ, ನಿನ್ನ ಕಾಲು ಬೀಳುತ್ತೇನೆ ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ.

ಕಚೇರಿಯ ಕಾಂಪೌಂಡಿನ ಹೊರಗೆ ಬೇವಿನ ಗಿಡದ ಕೆಳಗೆ ಬಾಂಡ್ ಬರೆಯುವವರ ಟೇಬಲ್‌ಗಳಿವೆ. ಮೂರನೆಯ ಟೇಬಲ್ಲಿನಲ್ಲಿ ಹಫೀಜ ಸಾಹೇಬರು, ಬಿಳಿ ಗಡ್ಡದ ಮುದುಕರು. ಅವರ ಎದುರಿನ ಬೆಂಚಿನ ಮೇಲೆ ಅತ್ತಿ ಬಗ್ಗಿ ಕೂತಿದ್ದಳು. ಕೈಯಲ್ಲಿ ನನ್ನ ಪೆನ್ನು. ಎರಡು ಹಾಳೆ ಮುಗಿದು ಪಕ್ಕಕ್ಕೆ ಸರಿದಿದ್ದವು. ಮೂರನೆಯದರಲ್ಲಿ 'ಗುರು' ಅಂತ ಆಗಿತ್ತು.

"ಅತ್ತೀ, ನಿಂದರ್ರಿ!" ಎಂದು ಚೀರಿದೆ. ಸುತ್ತಲಿನವರೆಲ್ಲ ತಿರುಗಿ ನೋಡಿದರು. "ಸಾಹೇಬ್ರ, ಆ ಕಾಗದ ಅಕಿಗಿ ಓದಿ ಹೇಳೀರೇನು?"

ಹಫೀಜ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಓದೂದು ಯಾಕಮ್ಮಾ? ಸಹಿ ಮಾಡ್ತಾರ ಅವರು. ಹೆಬ್ಬೆಟ್ಟು ಇದ್ದಿದ್ರ ಓದತಿದ್ದೆ. ಓದಾಕ ಬಲ್ಲವರಿಗಿ ಓದಿ ಹೇಳಿದ್ರ ಸಿಟ್ಟಿಗೇಳತಾರ."

"ಅಕಿಗಿ ಓದಾಕ ಬರಂಗಿಲ್ರಿ."

ಕಲ್ಲಿನಾಥ ನಕ್ಕ. ಅವಸರವಿಲ್ಲದೆ ಫೈಲು ಬಿಚ್ಚಿ ಒಂದು ಝೆರಾಕ್ಸ್ ತೆಗೆದು ಟೇಬಲ್ ಮೇಲಿಟ್ಟ. ಅತ್ತಿಯ ಸರ್ಟಿಫಿಕೇಟು. ಕೆಳಗೆ ನನ್ನ ಸಹಿ, ದೊಡ್ಡದಾಗಿ, ಕೆಳಗೊಂದು ಗೆರೆ ಎಳೆದದ್ದು.

"ಓದು ಬರಹ ಬಲ್ಲವರು ಅಂತ ಬರದವರು ಯಾರ್ರಿ ಟೀಚರ್? ಇದು ಸುಳ್ಳ ಅಂತ ಇಷ್ಟ ಮಂದಿ ಮುಂದ ಹೇಳತೀರೇನು? ಹೇಳ್ರಿ. ನಾಳಿ ನಾನೂ ಮ್ಯಾಲಿನವರಿಗಿ ಹೇಳತೇನಿ, ಇಡೀ ಊರಿನ ಸರ್ಟಿಫಿಕೇಟ್ ಸುಳ್ಳ ಅಂತ." ದನಿ ಒಂದಿಷ್ಟೂ ಏರಲಿಲ್ಲ. ಜೋರು ಬಾಯಿಯವಳ ಬಾಯಿ ಒಣಗಿತು.

"ಸುಳ್ಳರಿ" ಅಂದೆ. "ನಾನೇ ಉತ್ತರ ಹೇಳಕೊಟ್ಟೇನಿ. ಸುಳ್ಳೇ ಬರದೇನಿ."

ಕಲ್ಲಿನಾಥನನ್ನು ಗೆದ್ದೆ ಅಂದುಕೊಂಡು ಅತ್ತಿಯ ಕಡೆ ತಿರುಗಿದರೆ, ಅವಳ ಮುಖ ನೋಡಿ ಹೆದರಿಕೆ ಇನ್ನೂ ಹೆಚ್ಚಿತು. ಕಣ್ಣಲ್ಲಿ ನೀರು, ಸಿಟ್ಟು ಎರಡೂ.

"ನಾಕ ಮಂದ್ಯಾಗ ನನ್ನ ಮಾನಾ ಕಳದಿ ನೋಡು" ಅಂದಳು. "ನನಗ ಓದಾಕ ಬರ್ತದ."

ಮೂರನೆಯ ಹಾಳೆಯ ಮೇಲೆ ಪೆನ್ನು ಇಟ್ಟಳು. 'ಬಾ' ಬರೆದಳು. ಇನ್ನು ಉಳಿದದ್ದು ಒಂದೇ ಅಕ್ಷರ.

ಕೈ ಹಿಡಿಯಬಹುದಿತ್ತು. ಹಿಡಿದರೆ ಕಿತ್ತುಕೊಂಡು ಬರೆಯುತ್ತಾಳೆ, ಹಟದವಳು, ನನಗೆ ಗೊತ್ತು. ಹೆಬ್ಬೆಟ್ಟು ಅಂದರೆ ಹೇಲು ತುಳಿದಂತೆ ಅಂತ ಅವಳ ತಲೆಯಲ್ಲಿ ತುಂಬಿದವಳು ನಾನೇ ಅಲ್ಲವೇ. ಅವಳ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ. ಚೀಲದಿಂದ ಬೆಳಗಿನ ಇಂಗ್ಲಿಷ್ ಹಾಳೆ ತೆಗೆದು ಅವಳ ತೊಡೆಯ ಮೇಲಿಟ್ಟೆ.

"ಅತ್ತಿ, ಇದು ಯಾರ ಸಹಿ, ನೋಡ್ರಿ."

ಅವಳು ನೋಡಿದಳು. ಆ ಗೆರೆ ಎಳೆದ ಸಹಿಯನ್ನು ದಿನಾ ಹಾಜರಿ ಪುಸ್ತಕದಲ್ಲಿ ನೋಡಿದವಳು. "ನಿಂದು."

"ಇವತ್ತ ಮುಂಜಾನಿ ಮಾಡೇನಿ. ಇದರಾಗ ನನ್ನ ಮನಿ ಬ್ಯಾರೆದವರಿಗಿ ಬಿಟ್ಟಕೊಟ್ಟೇನಿ ಅಂತ ಬರದಿತ್ತು. ನನಗ ಓದಾಕ ಬರಲಿಲ್ಲ. ಕೇಳಾಕ ನಾಚಿಕಿ ಬಂತು. ಟೀಚರ್ ಅಲ್ಲ ನಾನು? ಸುಮ್ಮ ಮಾಡಿಬಿಟ್ಟೆ. ಅವರು ತರಬೇತಿ ಸಲುವಾಗಿ ಮಾಡಿಸಿದ್ರು, ಅದಕ್ಕ ಉಳದೆ. ನಿಮ್ಮನ್ನ ಯಾರು ಉಳಸ್ತಾರ್ರಿ? ನಾ ಕಲಿಸಿದ್ದು ತಪ್ಪಾಗ್ಯದ ಅತ್ತಿ. ನಿಮ್ಮದಲ್ಲ, ನಂದು."

ನನಗೆ ಅಳು ಬಂದುಬಿಟ್ಟಿತು. ಮಂದಿ ನೋಡುತ್ತಿದ್ದರೂ ನಿಲ್ಲಲಿಲ್ಲ.

ಕಲ್ಲಿನಾಥ ಗಡಿಯಾರ ನೋಡಿದ. "ವೈನಿ, ಎರಡಕ್ಕ ಒಳಗ ನಮ್ಮ ನಂಬರ್ ಅದ. ಒಂದ ಅಕ್ಷರ ಉಳದದ, ಬರದಬಿಡ್ರಿ."

ಅತ್ತಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟಳು. "ಸಾಹೇಬ್ರ, ನನ್ನ ಕೈ ನಡಗಾಕತ್ಯಾವ. ಸಹಿ ಬ್ಯಾಡ. ಪ್ಯಾಡ್ ತಗೀರಿ, ಹೆಬ್ಬೆಟ್ಟ ಒತ್ತತೇನಿ. ಅದಕ್ಕ ಓದಿ ಹೇಳೂದು ಇರ್ತದಲ್ಲ, ಓದ್ರಿ."

ಹಫೀಜ ಸಾಹೇಬರು ಪ್ಯಾಡಿನ ಡಬ್ಬಿ ತೆಗೆದು ಅವಳ ಮುಂದಿಟ್ಟರು. ಹಾಳೆಗಳನ್ನು ಜೋಡಿಸಿ ಎತ್ತಿದರು. ಕಲ್ಲಿನಾಥ, "ಓದೂದೇನು ಅದರಾಗ, ಮನಿ ಮಾತದ" ಎಂದು ಕೈ ಚಾಚಿದ. ಮುದುಕರು ಕೊಡಲಿಲ್ಲ. "ಹೆಬ್ಬೆಟ್ಟು ಅಂದ್ಮ್ಯಾಲ ಓದಬೇಕಪಾ. ಮೂವತ್ತೈದು ವರ್ಷ ಹಂಗೇ ನಡಸೇನಿ" ಎಂದು ಗಟ್ಟಿಯಾಗಿ ಓದಿದರು:

"ನನ್ನ ಗಂಡನಿಂದ ನನಗೆ ಬಂದ ಎರಡು ಎಕರೆ ಹೊಲ ಹಾಗೂ ಅದರಲ್ಲಿರುವ ಬಾವಿಯ ಮೇಲಿನ ಹಕ್ಕನ್ನು ಮೈದುನ ಕಲ್ಲಿನಾಥ ಇವರಿಗೆ ನನ್ನ ಖುಷಿಯಿಂದ ಬಿಟ್ಟುಕೊಟ್ಟಿದ್ದೇನೆ. ಇನ್ನು ಮುಂದೆ ಅದರಲ್ಲಿ ನನಗಾಗಲಿ ನನ್ನ ಮಗಳಿಗಾಗಲಿ ಯಾವ ಹಕ್ಕೂ ಇರುವುದಿಲ್ಲ."

ಅತ್ತಿಯ ಹೆಬ್ಬೆರಳು ಪ್ಯಾಡಿನ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಮೆಲ್ಲಗೆ ಅದನ್ನು ಹಿಂದೆ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿದಳು. ಹಫೀಜ ಸಾಹೇಬರು ಮೂರೂ ಹಾಳೆ ಹರಿದು ಟೇಬಲ್ಲಿನ ಕೆಳಗಿನ ಡಬ್ಬಿಗೆ ಹಾಕಿದರು. "ನಿಮಗ ಗೊತ್ತದಂತ ತಿಳಕೊಂಡೆ ಅಮ್ಮಾ. ಭಾಳ ಮಂದಿ ಹೆಣ್ಣಮಕ್ಕಳು ಹಿಂಗ ಬಿಟ್ಟಕೊಡ್ತಾರ" ಅಂದರು.

ಕಲ್ಲಿನಾಥ ಖಾಲಿ ಫೈಲು ಮುಚ್ಚಿದ. ಅವನ ಮುಖದಲ್ಲಿ ನಗು ಹಾಗೇ ಇತ್ತು. "ಮನೀಗಿ ಬರ್ರಿ ವೈನಿ. ಅಲ್ಲಿ ಕುಂತ ಮಾತಾಡೋಣು" ಅಂದು ಹೋದ. ಬೈದಿದ್ದರೆ, ಕೂಗಾಡಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಆ ಮನೆಗೆ ಇವಳನ್ನು ಇವತ್ತು ಕಳಿಸುವ ಧೈರ್ಯ ನನಗಿರಲಿಲ್ಲ, ಹೋಗುವ ಧೈರ್ಯ ಅವಳಿಗೂ ಇರಲಿಲ್ಲ. ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಬಂದು ಮಾದನಹಿಪ್ಪರಗಾದ ಬಸ್ಸು ಹತ್ತಿಸಿದೆ. ಮಗಳಿಗೆ ನನ್ನ ಫೋನಿನಿಂದ ಹೇಳಿದೆ. ಅತ್ತಿಯ ಫೋನು ಕಲ್ಲಿನಾಥನ ಜೇಬಿನಲ್ಲೇ ಹೋಗಿತ್ತು.

ಬಸ್ಸು ಬಿಡುವ ಮೊದಲು ಅತ್ತಿ ಕಿಟಕಿಯಿಂದ ಬಗ್ಗಿ ನನ್ನ ಕೈ ಹಿಡಿದಳು. "ನಾ ಏನರೆ ಅಂದಿದ್ರ ಹೊಟ್ಟ್ಯಾಗ ಹಾಕ್ಕೋ ಬೇ" ಅಂದಳು. ಕೈ ಬಿಡಲಿಲ್ಲ. ಏನೋ ನೆನಪಾದವಳಂತೆ ಕಣ್ಣು ಅಗಲ ಮಾಡಿದಳು. "ಶಿವಗಂಗಾ, ನಿಂಬೆವ್ವ ಆಯಿನೂ ಈ ಕಚೇರಿಗಿ ಬಂದಿದ್ದಳು. ಶ್ರಾವಣದಾಗ. ಅಣ್ಣನ ಮಗ ಕರಕೊಂಡ ಬಂದಿದ್ದ. ಸಹಿ ಮಾಡಿ ಬಂದು ಓಣಿ ತುಂಬ ಸಕ್ಕರಿ ಹಂಚಿದ್ದಳು."

ಬಸ್ಸು ಹೋಯಿತು. ನಾನು ಅಲ್ಲೇ ನಿಂತೆ. ಆ ಸಕ್ಕರೆ ನಾನೂ ತಿಂದಿದ್ದೆ. ಯಾತರದು ಅಂತ ಕೇಳಿಯೂ ಇರಲಿಲ್ಲ.

ಶಾಲೆಗೆ ಹಿಂದಿರುಗಿ ಹೋಗಲಿಲ್ಲ. ಮಟಕಿಯಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ನಮ್ಮ ಮನೆ ದಾಟಿ ಸೀದಾ ಆಯಿಯ ಓಣಿಗೆ ನಡೆದೆ. ಏನೂ ಇರಲಿಕ್ಕಿಲ್ಲ, ಪಿಂಚಣಿಯ ಕಾಗದ ಇದ್ದೀತು, ಬ್ಯಾಂಕಿನದು ಇದ್ದೀತು ಅಂತ ಹೆಜ್ಜೆ ಹೆಜ್ಜೆಗೂ ಅಂದುಕೊಂಡೆ. ಆಯಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟಳು.

"ಬಾ ಬೇ ಟೀಚರ್. ಇವತ್ತ ಕ್ಲಾಸ್ ಇಲ್ಲೇನು?"

"ಆಯಿ, ಶ್ರಾವಣದಾಗ ನೀ ಸಹಿ ಮಾಡಿದ ಕಾಗದ ಅದ ಏನು?"

ಅವಳ ಮುಖ ಅರಳಿತು. ಒಳಗೆ ಹೋಗಿ ದೇವರ ಜಗುಲಿಯಿಂದ ಒಂದು ಪ್ಲಾಸ್ಟಿಕ್ ಚೀಲ ತಂದಳು. ಅದರೊಳಗೆ ನಾಲ್ಕು ಮಡಿಕೆಯ ಕಾಗದ. ಅವಳ ಸಹಿಯ ಪಕ್ಕದಲ್ಲಿ ಮೂರು ಬೆರಳಿನ ವಿಭೂತಿ ಹಚ್ಚಿತ್ತು. ದಿನಾ ಪೂಜೆ ಮಾಡುತ್ತಿದ್ದಳಂತೆ.

ಓದಿದೆ. ಒಂದು ಸಲ ಓದಿ ನಂಬದೆ ಇನ್ನೊಂದು ಸಲ ಓದಿದೆ. ನಾವು ನಿಂತಿದ್ದ ಅಂಗಳ, ಎದುರಿನ ಮನೆ, ಹಿತ್ತಲು, ಎಲ್ಲವನ್ನೂ ಅಣ್ಣನ ಮಗನಿಗೆ ಬಕ್ಷೀಸಾಗಿ ದಾನಪತ್ರ ಬರೆದುಕೊಟ್ಟದ್ದಾಗಿತ್ತು. ರಿಜಿಸ್ಟರ್ ಆಗಿ ಸರಕಾರದ ಶಿಕ್ಕಾ ಬಿದ್ದು ನಾಲ್ಕು ತಿಂಗಳಾಗಿತ್ತು. ಕೊನೆಯ ಸಾಲಿನಲ್ಲಿ 'ಓದಿ ತಿಳಿದು ಸಹಿ ಮಾಡಿದ್ದೇನೆ' ಅಂತ ಇತ್ತು. ಅದರ ಕೆಳಗೆ, ನಾನು ಕೈ ಹಿಡಿದು ತಿದ್ದಿಸಿದ 'ನಿಂಬೆವ್ವ'.

ಆಯಿ ನನ್ನ ಭುಜದ ಮೇಲಿಂದ ಬಗ್ಗಿ ಕಾಗದದ ಮೇಲೆ ಬೆರಳಿಟ್ಟಳು.

"ಖರೆ ಹೇಳ ಬೇ, ಬೈಬ್ಯಾಡ" ಅಂದಳು. "ಸಹಿ ಸೊಟ್ಟ ಆಗಿಲ್ಲಲ್ಲ?"